ಉಚಿತ ತಂತ್ರಾಂಶದಲ್ಲಿ ಫೋಟೋ ತಿದ್ದುವಾಗ ಯಾವ ತೊಡಕಿಗೆ ಯಾರ ನೆರವು

ಉಚಿತ ತಂತ್ರಾಂಶದಲ್ಲಿ ಫೋಟೋ ತಿದ್ದಲು ಕುಳಿತವರು ಕೆಲಸದ ನಡುವೆ ಎಲ್ಲಾದರೂ ಒಂದು ಕಡೆ ಮುಂದೆ ಹೋಗಲಾಗದೆ ನಿಲ್ಲುವುದು ಸಹಜ. ಆಗ ನೆರವಿನ ದಾರಿಗಳೇನೂ ಕಡಿಮೆಯಿಲ್ಲ. ತಂತ್ರಾಂಶದ್ದೇ ಆದ ಕೈಪಿಡಿ ಇದೆ, ವೀಡಿಯೊ ಪಾಠಗಳಿವೆ, ಅದೇ ತಂತ್ರಾಂಶವನ್ನು ವರ್ಷಗಳಿಂದ ಬಳಸುತ್ತಿರುವ ಅನುಭವಿಗಳಿದ್ದಾರೆ, ಕೇಳಿದ್ದಕ್ಕೆ ತಕ್ಷಣ ಉತ್ತರಿಸುವ ಎಐ ಸಹಾಯಕಗಳಿವೆ, ಕೊನೆಗೆ ಕೆಲಸವನ್ನೇ ಬಲ್ಲವರ ಕೈಗೆ ಒಪ್ಪಿಸುವ ಅವಕಾಶವೂ ಇದೆ. ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳುವುದಕ್ಕಿಂತ ನಾವು ಯಾವ ಬಗೆಯ ತೊಡಕಿನಲ್ಲಿದ್ದೇವೆ ಎಂದು ಮೊದಲು ನೋಡಿಕೊಳ್ಳುವುದು ಲೇಸು. ಬೇಕಾದ ಸೌಲಭ್ಯದ ಹೆಸರು ಗೊತ್ತಿದ್ದು ಅದು ಎಲ್ಲಿದೆಯೆಂದು ಗೊತ್ತಿಲ್ಲದಿರುವುದು ಒಂದು ಬಗೆ. ಎಲ್ಲಿದೆಯೆಂದು ಗೊತ್ತಿದ್ದೂ ಕೈ ಪಳಗದಿರುವುದು ಇನ್ನೊಂದು. ಎಲ್ಲವನ್ನೂ ಹೇಳಿದ ಹಾಗೆಯೇ ಮಾಡಿದರೂ ಫಲ ಕಾಣದಿರುವುದು ಮತ್ತೊಂದು. ಕಣ್ಣಿಗೆ ದೋಷ ಕಾಣುತ್ತಿದ್ದರೂ ಅದನ್ನು ಏನೆಂದು ಕರೆಯುತ್ತಾರೆಂದೇ ತಿಳಿಯದಿರುವುದು ಇವೆಲ್ಲಕ್ಕಿಂತ ಬೇರೆ. ಒಂದಕ್ಕೆ ಒದಗುವ ನೆರವು ಇನ್ನೊಂದಕ್ಕೆ ಒದಗುವುದಿಲ್ಲ. ತಪ್ಪು ದಾರಿ ಹಿಡಿದಾಗ ಒಂದು ಸಂಜೆಯೇ ಕಳೆದುಹೋಗುತ್ತದೆ. ಇಲ್ಲಿನ ಉದಾಹರಣೆಗಳನ್ನು ಹೆಚ್ಚಾಗಿ ಜಿಂಪ್ ತಂತ್ರಾಂಶದಿಂದ ಆಯ್ದುಕೊಂಡಿದ್ದೇನೆ. ಬೇರೆ ತಂತ್ರಾಂಶ ಬಳಸುವವರಿಗೂ ಹೋಲಿಕೆಯ ತಿರುಳು ಒಂದೇ.

ಮೊದಲು ಆವೃತ್ತಿಯ ಸಂಖ್ಯೆ

ಯಾರ ನೆರವನ್ನು ಪಡೆಯುವುದಾದರೂ ಅದಕ್ಕೂ ಮುಂಚೆ 'ಹೆಲ್ಪ್' ಮೆನುವಿನಲ್ಲಿರುವ 'ಅಬೌಟ್' ತೆರೆದು ನಿಮ್ಮ ತಂತ್ರಾಂಶದ ಆವೃತ್ತಿ ಯಾವುದೆಂದು ಬರೆದಿಟ್ಟುಕೊಳ್ಳಿ. ಇದು ಚಿಕ್ಕ ಮಾತೆನಿಸಬಹುದು, ಆದರೆ ನಾನು ಕಂಡಂತೆ ಹೊಸಬರ ಗೊಂದಲದಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಜಿಂಪ್ ಎಂಬುದು 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಕೆಲಸ. ಅಂದಿನಿಂದ ಇಂದಿನವರೆಗೆ ಬರೆದ ಪಾಠಗಳಲ್ಲಿ ಬಹಳಷ್ಟು ಇನ್ನೂ ಅಂತರಜಾಲದಲ್ಲಿ ಹಾಗೆಯೇ ಉಳಿದಿವೆ, ಹುಡುಕಿದಾಗ ಹಳೆಯದೂ ಹೊಸದೂ ಒಟ್ಟಿಗೇ ಮೇಲೆ ಬರುತ್ತವೆ.

ಈ ನಡುವೆ ತಂತ್ರಾಂಶ ಸಾಕಷ್ಟು ಬದಲಾಗಿದೆ. 2012ರ 2.8 ಆವೃತ್ತಿಯಿಂದ 'ಸೇವ್' ಎಂಬುದು ಜಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಫೈಲನ್ನು ಮಾತ್ರ ಉಳಿಸುತ್ತದೆ. ಜೆಪೆಗ್ ಅಥವಾ ಪಿಎನ್‌ಜಿ ಬೇಕಾದರೆ 'ಎಕ್ಸ್‌ಪೋರ್ಟ್' ಮಾಡಬೇಕು. 2020ರಲ್ಲಿ ಬಂದ 2.10.18 ಆವೃತ್ತಿಯಿಂದ ಟೂಲ್‌ಬಾಕ್ಸ್‌ನಲ್ಲಿ ಒಂದೇ ಜಾತಿಯ ಟೂಲ್‌ಗಳು ಒಂದೇ ಗುಂಡಿಯ ಕೆಳಗೆ ಗುಂಪಾಗಿ ಸೇರಿಕೊಂಡಿವೆ, ಆದ್ದರಿಂದ ಹಳೆಯ ಪಾಠದಲ್ಲಿ ಎದುರಿಗೇ ಕಾಣುವ ಟೂಲ್ ನಿಮ್ಮ ಪರದೆಯ ಮೇಲೆ ಕಾಣದೇ ಹೋಗಬಹುದು. ಗುಂಡಿಯನ್ನು ಒತ್ತಿ ಹಿಡಿದರೆ ಅದರ ಸಂಗಾತಿಗಳು ಹೊರಬರುತ್ತವೆ. 2025ರ ಮಾರ್ಚ್‌ನಲ್ಲಿ ಹೊರಬಂದ 3.0 ಆವೃತ್ತಿಯದು ಇನ್ನೂ ದೊಡ್ಡ ಬದಲಾವಣೆ. ಹಿಂದೆ ಒಂದು ಚಿತ್ರದಿಂದ ನಕಲಿಸಿ ಇನ್ನೊಂದಕ್ಕೆ ಅಂಟಿಸಿದರೆ ಅದು 'ಫ್ಲೋಟಿಂಗ್ ಸೆಲೆಕ್ಷನ್' ಆಗಿ ತೇಲುತ್ತಿತ್ತು, ಅದನ್ನು ಕೆಳಗಿನ ಲೇಯರ್‌ಗೆ (ಒಂದರ ಮೇಲೊಂದು ಇಟ್ಟ ಹಾಳೆಗಳಂಥ ಪದರಗಳಲ್ಲಿ ಒಂದಕ್ಕೆ) ಕಟ್ಟುವ ಇನ್ನೊಂದು ಹೆಜ್ಜೆ ಬೇಕಾಗುತ್ತಿತ್ತು, 3.0ರಲ್ಲಿ ಸಾಮಾನ್ಯವಾಗಿ ನೇರವಾಗಿ ಹೊಸ ಲೇಯರೇ ಹುಟ್ಟುತ್ತದೆ. ಫಿಲ್ಟರ್‌ಗಳು ಚಿತ್ರದ ಮೇಲೆ ಅಚ್ಚೊತ್ತಿ ಕೂರುವ ಬದಲು ಲೇಯರ್‌ನ ಪಕ್ಕದ 'ಎಫ್‌ಎಕ್ಸ್' ಗುರುತಿನಡಿ ಉಳಿದು, ಮತ್ತೆ ತಿದ್ದಲು ಸಿಗುತ್ತವೆ. 2.10ಕ್ಕೆಂದು ಬರೆದ ಪ್ಲಗಿನ್‌ಗಳು, ಅಂದರೆ ಹೊರಗಿನಿಂದ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು, 3.0ಕ್ಕೆ ಹೊಂದುವಂತೆ ಮಾರ್ಪಡದ ಹೊರತು ಅಲ್ಲಿ ಓಡುವುದಿಲ್ಲ. ಇಂಥ ಪ್ಲಗಿನ್ ಹಾಕಿಕೊಳ್ಳಿರೆಂದು ಹೇಳುವ ಪಾಠವನ್ನು ಎಷ್ಟು ಶ್ರದ್ಧೆಯಿಂದ ಅನುಸರಿಸಿದರೂ ಏನೂ ಆಗದಿದ್ದಾಗ, ತಪ್ಪು ಕಲಿಯುವವರದಲ್ಲ.

ಕೈಪಿಡಿ: ಹೆಸರು ಗೊತ್ತಿದ್ದರೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ

ಕೈಪಿಡಿಯನ್ನು ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ, ಇದು ನನಗೆ ಬೇಸರದ ಸಂಗತಿ. ಜಿಂಪ್‌ನಲ್ಲಿ ಎಫ್1 ಕೀಲಿ ಒತ್ತಿದರೆ ಕೈಪಿಡಿ ತೆರೆಯುತ್ತದೆ. ಶಿಫ್ಟ್ ಜೊತೆಗೆ ಎಫ್1 ಒತ್ತಿ ಪರದೆಯ ಮೇಲಿನ ಯಾವುದಾದರೂ ಗುಂಡಿಯನ್ನು ಮುಟ್ಟಿದರೆ ಆ ಗುಂಡಿಗೇ ಸಂಬಂಧಿಸಿದ ಪುಟ ಬರುತ್ತದೆ. ಇದಕ್ಕಿಂತಲೂ ಉಪಯುಕ್ತವಾದದ್ದು ಓರೆಗೆರೆಯ (/) ಕೀಲಿ. ಅದನ್ನು ಒತ್ತಿದಾಗ ತೆರೆಯುವ ಚಿಕ್ಕ ಪೆಟ್ಟಿಗೆಯಲ್ಲಿ ಬೇಕಾದ ಸೌಲಭ್ಯದ ಹೆಸರಿನ ನಾಲ್ಕಕ್ಷರ ಬರೆದರೆ ಸಾಕು, ಹೊಂದುವ ಆದೇಶಗಳೆಲ್ಲ ಸಾಲಾಗಿ ಬರುತ್ತವೆ, ಅಲ್ಲಿಂದಲೇ ಅವನ್ನು ನಡೆಸಲೂಬಹುದು. ಮೆನುಗಳ ಒಳಗೆ ಅಲೆಯುವ ಕೆಲಸವೇ ಇಲ್ಲ.

ಕೈಪಿಡಿ ನಿಜವಾಗಿ ಗೆಲ್ಲುವುದು ಅಳತೆಯ ಲೆಕ್ಕದಲ್ಲಿ. ಅರ್ಜಿಯೊಂದಕ್ಕೆ 35×45 ಮಿಲಿಮೀಟರ್ ಅಳತೆಯ ಭಾವಚಿತ್ರವನ್ನು ಇಂಚಿಗೆ 300 ಚುಕ್ಕಿಗಳ ಸಾಂದ್ರತೆಯಲ್ಲಿ ಕೊಡಬೇಕಾಗಿದೆ ಎಂದಿಟ್ಟುಕೊಳ್ಳಿ. ಒಂದು ಇಂಚಿಗೆ 25.4 ಮಿಲಿಮೀಟರ್ ಆದ್ದರಿಂದ ಚಿತ್ರ ಸುಮಾರು 413 ಪಿಕ್ಸೆಲ್ ಅಗಲ, 531 ಪಿಕ್ಸೆಲ್ ಎತ್ತರ ಇರಬೇಕಾಗುತ್ತದೆ. ಕ್ರಾಪ್ ಟೂಲ್‌ನ ಆಯ್ಕೆಗಳಲ್ಲಿ 'ಫಿಕ್ಸ್ಡ್' ಎಂಬುದನ್ನು ಗುರುತು ಮಾಡಿ, ಪಕ್ಕದಲ್ಲಿ 'ಆಸ್ಪೆಕ್ಟ್ ರೇಷಿಯೊ' ಆರಿಸಿ 35:45 ಎಂದು ತುಂಬಿದರೆ ಚೌಕಟ್ಟು ಆ ಅನುಪಾತ ಬಿಟ್ಟು ಅಲುಗಾಡುವುದಿಲ್ಲ. ಕತ್ತರಿಸಿದ ನಂತರ 'ಇಮೇಜ್' ಮೆನುವಿನ 'ಸ್ಕೇಲ್ ಇಮೇಜ್'ನಲ್ಲಿ ಪಿಕ್ಸೆಲ್ ಅಳತೆ ಕೊಟ್ಟರೆ ಕೆಲಸ ಮುಗಿಯಿತು. ಅದೇ ಮೆನುವಿನಲ್ಲಿ 'ಪ್ರಿಂಟ್ ಸೈಜ್' ಎಂಬುದೂ ಇದ್ದು, ಹೊಸಬರು ಅದನ್ನು ಬದಲಿಸಿ ಚಿತ್ರ ಚಿಕ್ಕದಾಗಲಿಲ್ಲವೆಂದು ಕಂಗಾಲಾಗುತ್ತಾರೆ. ಅದು ಮುದ್ರಣದ ಅಳತೆಯನ್ನು ಮಾತ್ರ ಬದಲಿಸುತ್ತದೆ, ಪಿಕ್ಸೆಲ್‌ಗಳನ್ನು ಮುಟ್ಟುವುದೇ ಇಲ್ಲವೆಂದು ಕೈಪಿಡಿಯಲ್ಲಿ ಓದಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಫೈಲಿನ ತೂಕ ಇಷ್ಟು ಕಿಲೋಬೈಟ್ ಮೀರಬಾರದೆಂಬ ಷರತ್ತಿದ್ದರೆ, ಜೆಪೆಗ್‌ಗೆ ಎಕ್ಸ್‌ಪೋರ್ಟ್ ಮಾಡುವ ಪೆಟ್ಟಿಗೆಯಲ್ಲಿ ಮುನ್ನೋಟದ ಗುರುತು ಹಾಕಿ ಗುಣಮಟ್ಟದ ಜಾರುಪಟ್ಟಿಯನ್ನು ನಿಧಾನವಾಗಿ ಇಳಿಸುತ್ತ ಬಂದರೆ, ಫೈಲಿನ ಗಾತ್ರ ಎಷ್ಟಾಗುತ್ತದೆಂದು ಅಲ್ಲಿಯೇ ಕಾಣುತ್ತದೆ.

ಕೈಪಿಡಿಯ ಮಿತಿಯೂ ಸ್ಪಷ್ಟವಿದೆ. ಒಂದು ಗುಂಡಿ ಏನು ಮಾಡುತ್ತದೆಂದು ಅದು ಹೇಳುತ್ತದೆ, ನಿಮ್ಮ ಮುಂದಿರುವ ಈ ಫೋಟೋಗೆ ಎಷ್ಟು ತಿರುಗಿಸಬೇಕೆಂದು ಹೇಳಲಾರದು.

ವೀಡಿಯೊ: ಕೈಕೆಲಸ ಕಲಿಯಲು

ನಮ್ಮ ಮನೆಯ ಹಳೆಯ ಫೋಟೋ ಒಂದರಲ್ಲಿ ಮಡಿಕೆ ಬಿದ್ದ ಗೆರೆಯೊಂದು ಕೆನ್ನೆಯ ಮೇಲಿಂದ ಕಿವಿಯವರೆಗೆ ಹಾದುಹೋಗಿತ್ತು. ಕ್ಲೋನ್ ಟೂಲ್ ಬಗ್ಗೆ ಕೈಪಿಡಿ ಹೇಳಿದ್ದನ್ನು ಓದಿಕೊಂಡೆ: ಕಂಟ್ರೋಲ್ ಕೀಲಿ ಹಿಡಿದು ಮೂಲದ ಜಾಗವನ್ನು ಒತ್ತುವುದು, ಆಮೇಲೆ ದೋಷವಿರುವ ಕಡೆ ಸವರುವುದು. ಅಷ್ಟನ್ನೇ ಮಾಡಿದೆ. ಗೆರೆ ಹೋಯಿತು, ಆದರೆ ಕೆನ್ನೆಯ ಮೇಲೆ ಒಂದೇ ಮಚ್ಚೆ ಸಾಲಾಗಿ ಮೂರು ಕಡೆ ಕಾಣಿಸಿಕೊಂಡಿತು. ಮುಂದೆ ಅದೇ ಕೆಲಸವನ್ನು ಒಬ್ಬರು ಮಾಡುವುದನ್ನು ವೀಡಿಯೊದಲ್ಲಿ ನೋಡಿದಾಗ ಕಣ್ಣಿಗೆ ಬಿದ್ದದ್ದೇ ಬೇರೆ. ಅವರು ಅಂಚು ಮೃದುವಾಗಿರುವ ಚಿಕ್ಕ ಬ್ರಷ್ ಹಿಡಿದಿದ್ದರು. ಎರಡು ಮೂರು ಸವರಿಗೊಮ್ಮೆ ಮೂಲದ ಜಾಗವನ್ನು ಬದಲಿಸುತ್ತಿದ್ದರು, ಗೆರೆಯ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ಕಾಣುವ ಎಲ್ಲ ಲೇಯರ್‌ಗಳಿಂದಲೂ ಮೂಲ ತೆಗೆದುಕೊಳ್ಳುವ 'ಸ್ಯಾಂಪಲ್ ಮರ್ಜ್ಡ್' ಗುರುತು ಹಾಕಿಕೊಂಡು ಮೂಲ ಚಿತ್ರದ ಮೇಲಲ್ಲ, ಅದರ ಮೇಲಿಟ್ಟ ಖಾಲಿ ಲೇಯರ್‌ನಲ್ಲಿ ಕೆಲಸ ಮಾಡುತ್ತಿದ್ದರು. ಚರ್ಮದ ನಡುಭಾಗದಲ್ಲಿ ಹೀಲ್ ಟೂಲ್ ಬಳಸಿದವರು ಕೂದಲಿನ ಅಂಚು ಹತ್ತಿರವಾದೊಡನೆ ಅದನ್ನು ಬಿಟ್ಟು ಕ್ಲೋನ್‌ಗೆ ಮರಳಿದರು, ಏಕೆಂದರೆ ಹೀಲ್ ಟೂಲ್ ಸುತ್ತಲಿನ ಬಣ್ಣವನ್ನು ಬೆರೆಸುವುದರಿಂದ ಕಪ್ಪು ಅಂಚಿನ ಬಳಿ ಕೊಳೆಯಂಥ ಕಲೆ ಉಳಿಸುತ್ತದೆ. ಕೈ ಓಡುವ ವೇಗ, ಬ್ರಷ್ಷಿನ ಅಳತೆ, ಎಲ್ಲಿ ನಿಲ್ಲಬೇಕೆಂಬ ಅಂದಾಜು, ಇವೆಲ್ಲ ಬರಹಕ್ಕೆ ಸಿಗುವಂಥವಲ್ಲ.

ಆದ್ದರಿಂದ ಹಳೆಯ ಚಿತ್ರದ ರಿಪೇರಿ, ಕೂದಲಿನ ಸುತ್ತ ಹಿನ್ನೆಲೆ ಬಿಡಿಸುವುದು, ಲೇಯರ್‌ನ ಯಾವ ಭಾಗ ಕಾಣಬೇಕೆಂದು ನಿರ್ಧರಿಸುವ ಲೇಯರ್ ಮಾಸ್ಕ್ ಮೇಲೆ ಬಣ್ಣ ಹಚ್ಚುವುದು, ಇಂಥ ಕೆಲಸಗಳಿಗೆ ನಾನು ಸಂದೇಹವಿಲ್ಲದೆ ವೀಡಿಯೊವನ್ನೇ ಸೂಚಿಸುತ್ತೇನೆ, ಅದೂ ಅರ್ಧ ವೇಗದಲ್ಲಿ ನೋಡುವಂತೆ. ಒಂದು ಗುಂಡಿ ಎಲ್ಲಿದೆಯೆಂದು ತಿಳಿಯುವುದಕ್ಕೆ ಹನ್ನೆರಡು ನಿಮಿಷದ ವೀಡಿಯೊ ನೋಡುವುದು ಮಾತ್ರ ಸಮಯದ ನಷ್ಟ. ವೀಡಿಯೊ ಮಾಡುವವರು ಪಾಠಕ್ಕೆ ಹೊಂದುವ ಫೋಟೋವನ್ನೇ ಆರಿಸಿರುತ್ತಾರೆ ಎಂಬುದನ್ನೂ ಮರೆಯಬಾರದು: ಬಿಳಿ ಗೋಡೆಯ ಮುಂದೆ ನಿಂತವರ ಹಿನ್ನೆಲೆ ತೆಗೆಯುವ ಉಪಾಯ ಮರದ ಎಲೆಗಳ ಮುಂದೆ ನಿಂತವರಿಗೆ ನಡೆಯುವುದಿಲ್ಲ.

ಅನುಭವಿ: ಎಲ್ಲ ಸರಿ ಮಾಡಿದರೂ ಫಲ ಕಾಣದಿದ್ದಾಗ

ಬ್ರಷ್ ಹಿಡಿದು ಎಷ್ಟು ತಿಕ್ಕಿದರೂ ಬಣ್ಣ ಮೂಡದಿರುವುದು ಜಿಂಪ್ ಬಳಸುವ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ಎದುರಾಗುವ ತೊಂದರೆ. ಇದಕ್ಕೆ ಕಾರಣಗಳು ಹಲವು, ಆದರೆ ಪರದೆಯ ಮೇಲೆ ಕಾಣುವ ಲಕ್ಷಣ ಒಂದೇ. ಚಿತ್ರದ ಯಾವುದೋ ಮೂಲೆಯಲ್ಲಿ ಗೊತ್ತಿಲ್ಲದೆ ಮಾಡಿದ ಸಣ್ಣ ಸೆಲೆಕ್ಷನ್ (ಆಯ್ದ ಭಾಗ) ಉಳಿದಿರಬಹುದು, ಆಗ ಅದರ ಹೊರಗೆ ಬ್ರಷ್ ಕೆಲಸ ಮಾಡುವುದಿಲ್ಲ. ಕಂಟ್ರೋಲ್, ಶಿಫ್ಟ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸೆಲೆಕ್ಷನ್ ಬಿಟ್ಟುಹೋಗುತ್ತದೆ. ನೀವು ಒಂದು ಲೇಯರ್ ಮೇಲೆ ಬಣ್ಣ ಹಚ್ಚುತ್ತಿದ್ದೇವೆಂದು ತಿಳಿದಿರುವಾಗ ತಂತ್ರಾಂಶ ಇನ್ನೊಂದು ಲೇಯರನ್ನು ಹಿಡಿದಿರಬಹುದು. ಲೇಯರ್ ಬದಲು ಅದರ ಮಾಸ್ಕ್ ಆಯ್ಕೆಯಾಗಿರಬಹುದು. ಲೇಯರ್‌ನ ಪಾರದರ್ಶಕತೆಗೆ ಬೀಗ ಬಿದ್ದಿರಬಹುದು. ಬ್ರಷ್ಷಿನ ಅಪಾರದರ್ಶಕತೆ ಸೊನ್ನೆಯ ಹತ್ತಿರ ಇಳಿದಿರಬಹುದು. ಎರೇಸರ್ ಒರೆಸಿದ ಕಡೆ ಪಾರದರ್ಶಕವಾಗುವ ಬದಲು ಬಿಳಿಯಾಗುವುದೂ ಇದೇ ಜಾತಿಯ ತೊಂದರೆ. ಆ ಲೇಯರ್‌ಗೆ ಪಾರದರ್ಶಕತೆಯನ್ನು ದಾಖಲಿಸುವ ಆಲ್ಫಾ ಚಾನೆಲ್ ಇಲ್ಲದಿರುವುದೇ ಕಾರಣ, 'ಲೇಯರ್' ಮೆನುವಿನ 'ಟ್ರಾನ್ಸ್‌ಪರೆನ್ಸಿ' ಅಡಿಯಲ್ಲಿ ಅದನ್ನು ಸೇರಿಸಬಹುದು.

ಕೈಪಿಡಿಯಲ್ಲಿ ಈ ಕಾರಣಗಳೆಲ್ಲ ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿರುತ್ತವೆ. ವೀಡಿಯೊ ನೋಡಿದರೆ ಅಲ್ಲಿ ಬ್ರಷ್ ಸರಾಗವಾಗಿ ಬಣ್ಣ ಹಚ್ಚುತ್ತಲೇ ಇರುತ್ತದೆ. ಇಂಥ ಕಡೆ ನಿಮ್ಮ ಪರದೆಯನ್ನು ನೋಡಬಲ್ಲ ಮನುಷ್ಯರೊಬ್ಬರು ಬೇಕು. ತಿಳಿದವರಿಗೆ ಲೇಯರ್ ಪಟ್ಟಿಯನ್ನು ಒಮ್ಮೆ ನೋಡಿದರೆ ಸಾಕು.

ಆ ನೆರವು ದಕ್ಕುವುದು ಮಾತ್ರ ನಾವು ಕೇಳುವ ರೀತಿಯಲ್ಲಿದೆ. ಚಿತ್ರದ ತುಣುಕನ್ನಷ್ಟೇ ಕತ್ತರಿಸಿ ಕಳಿಸದೆ ಇಡೀ ಕಿಟಕಿಯ ಸ್ಕ್ರೀನ್‌ಶಾಟ್ ಕಳಿಸಬೇಕು, ಲೇಯರ್‌ಗಳ ಪಟ್ಟಿಯೂ ಟೂಲ್ ಆಯ್ಕೆಗಳೂ ಅದರಲ್ಲಿ ಕಾಣಬೇಕು. ಮೊಬೈಲಿನಿಂದ ಮಾನಿಟರ್ ಫೋಟೋ ತೆಗೆದು ಕಳಿಸಿದರೆ ಬಣ್ಣವೂ ಅಕ್ಷರವೂ ಕೆಡುತ್ತವೆ. ಆವೃತ್ತಿ, ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆ, ದೋಷದ ಸಂದೇಶ ಬಂದಿದ್ದರೆ ಅದರ ಪದಗಳು ಇದ್ದ ಹಾಗೆಯೇ, ಇಷ್ಟು ಮೊದಲ ಪತ್ರದಲ್ಲೇ ಇದ್ದರೆ ಮೂರು ಸಲ ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಉದ್ದೇಶವನ್ನು ಹೇಳುವುದು. 'ಡಾಡ್ಜ್ ಟೂಲ್ ಬಳಸುವುದು ಹೇಗೆ' ಎಂದು ಕೇಳಿದವರಿಗೆ, ಸವರಿದ ಕಡೆ ಬೆಳಕು ಹೆಚ್ಚಿಸುವ ಆ ಟೂಲಿನ ವಿವರಣೆಯೇ ಸಿಗುತ್ತದೆ. 'ಹಿಂದೆ ಬಿಸಿಲಿದ್ದುದರಿಂದ ಮುಖ ಕಪ್ಪಾಗಿದೆ, ಆಕಾಶ ಕೆಡದಂತೆ ಮುಖ ಮಾತ್ರ ಬೆಳಗಬೇಕು' ಎಂದು ಕೇಳಿದವರಿಗೆ, ಆ ಟೂಲ್ ಬೇಡವೇ ಬೇಡ, 'ಕಲರ್ಸ್' ಮೆನುವಿನಲ್ಲಿ 'ಶಾಡೋಸ್-ಹೈಲೈಟ್ಸ್' ತೆರೆದು ನೆರಳಿನ ಭಾಗವನ್ನಷ್ಟೇ ಎತ್ತಿ ಎಂಬ ಉತ್ತರ ಸಿಗಬಹುದು. ತಪ್ಪು ಟೂಲನ್ನು ಸರಿಯಾಗಿ ಬಳಸಲು ಕಲಿಯುವುದಕ್ಕಿಂತ ಇದು ಎಷ್ಟೋ ಮೇಲು.

ಸ್ಕ್ರೀನ್‌ಶಾಟಿನಿಂದ ಸಾಲದಿದ್ದರೆ ಎಕ್ಸ್‌ಸಿಎಫ್ ಫೈಲನ್ನೇ ಕೊಡಬಹುದು. ಅದರಲ್ಲಿ ಲೇಯರ್, ಮಾಸ್ಕ್, ಸೆಲೆಕ್ಷನ್ ಎಲ್ಲವೂ ಉಳಿದಿರುತ್ತವೆ. ನೀವು ಯಾವ ಕ್ರಮದಲ್ಲಿ ಏನು ಮಾಡಿದಿರೆಂಬ ಇತಿಹಾಸ ಮಾತ್ರ ಉಳಿಯುವುದಿಲ್ಲವಾದ್ದರಿಂದ ಅದನ್ನು ಮಾತಿನಲ್ಲಿ ಬರೆಯಬೇಕಾಗುತ್ತದೆ. ಹೀಗೆ ಚಿತ್ರ ಹಂಚಿಕೊಳ್ಳುವ ಮುನ್ನ ಒಂದು ಎಚ್ಚರ ಬೇಕು. ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ಎಕ್ಸಿಫ್ ಎಂಬ ಮಾಹಿತಿ ಅಡಗಿದ್ದು, ತೆಗೆದ ಸಮಯದೊಂದಿಗೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅದರಲ್ಲಿರಬಹುದು. ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್ ಉಳಿಸುವ ಗುರುತನ್ನು ತೆಗೆದುಹಾಕಿದರೆ ಅದು ಹೋಗುತ್ತದೆ. ಮಕ್ಕಳ ಫೋಟೋ, ಗುರುತಿನ ಚೀಟಿ ಮುಂತಾದವನ್ನು ಅಪರಿಚಿತರಿಗೆ ಕಳಿಸಲೇಬೇಡಿ. ಅದೇ ತೊಂದರೆಯನ್ನು ಒಂದು ಹೂವಿನ ಫೋಟೋದ ಮೇಲೆ ಮರುಸೃಷ್ಟಿಸಿ ತೋರಿಸಿದರೂ ಉತ್ತರ ಅದೇ ಬರುತ್ತದೆ. ಹೀಗೆ ನೆರವಾಗುವವರಲ್ಲಿ ಹೆಚ್ಚಿನವರು ತಮ್ಮ ಬಿಡುವಿನ ವೇಳೆಯನ್ನು ಕೊಡುವವರು, ಉತ್ತರಕ್ಕೆ ಒಂದೆರಡು ದಿನ ಕಾಯಬೇಕಾಗಬಹುದು. ಯಾವ ಸಲಹೆ ಫಲಿಸಿತೆಂದು ಅವರಿಗೆ ಮರಳಿ ತಿಳಿಸುವುದು ನಮ್ಮ ಕರ್ತವ್ಯ.

ಎಐ ಸಹಾಯಕ: ಹೆಸರು ಹುಡುಕಲು

ದೋಷ ಕಣ್ಣಿಗೆ ಕಾಣುತ್ತಿದ್ದು ಅದರ ಹೆಸರು ಗೊತ್ತಿಲ್ಲದಾಗ ಕೈಪಿಡಿಯಲ್ಲಿ ಹುಡುಕುವುದಾದರೂ ಏನನ್ನು? ಈ ಒಂದು ಕೆಲಸದಲ್ಲಿ ಎಐ ಸಹಾಯಕ ನಿಜಕ್ಕೂ ಉಪಕಾರಿ. 'ಆಕಾಶದ ನೀಲಿ ನಯವಾಗಿರದೆ ಪಟ್ಟೆ ಪಟ್ಟೆಯಾಗಿದೆ' ಎಂದರೆ ಅದು ಬ್ಯಾಂಡಿಂಗ್ ಎಂದು ಹೇಳುತ್ತದೆ. 'ಎತ್ತರದ ಕಟ್ಟಡ ಹಿಂದಕ್ಕೆ ವಾಲಿದಂತಿದೆ' ಎಂದರೆ ಪರ್ಸ್‌ಪೆಕ್ಟಿವ್ ದೋಷವೆಂದು, 'ಕೊಂಬೆಗಳ ಅಂಚಿನಲ್ಲಿ ನೇರಳೆ ಗೆರೆ ಕಾಣುತ್ತಿದೆ' ಎಂದರೆ ಕ್ರೊಮ್ಯಾಟಿಕ್ ಅಬರೇಷನ್ ಇರಬಹುದೆಂದು ತಿಳಿಸುತ್ತದೆ. ಹೆಸರು ಸಿಕ್ಕಿದ ಮೇಲೆ ಕೈಪಿಡಿಯ ಬಾಗಿಲು ತೆರೆದ ಹಾಗೆಯೇ.

ಹೆಜ್ಜೆ ಹೆಜ್ಜೆಯ ಸೂಚನೆಯನ್ನು ಅದರಿಂದ ಪಡೆಯುವಾಗ ಮಾತ್ರ ಎಚ್ಚರವಿರಲಿ. ಬೇರೆ ಬೇರೆ ಆವೃತ್ತಿಗಳ ಮೆನುಗಳನ್ನು ಒಂದರೊಳಗೊಂದು ಬೆರೆಸುವುದು, ಫೋಟೋಶಾಪ್‌ನ ಹೆಸರುಗಳನ್ನು ಜಿಂಪ್‌ನಲ್ಲಿ ಇವೆಯೆಂಬಂತೆ ಹೇಳುವುದು ಇಂಥ ಉತ್ತರಗಳಲ್ಲಿ ಕಾಣಸಿಗುತ್ತದೆ. ಬೇಡದ ಭಾಗವನ್ನು ಸುತ್ತಲಿನದಕ್ಕೆ ಹೊಂದುವಂತೆ ತುಂಬುವ 'ಕಂಟೆಂಟ್ ಅವೇರ್ ಫಿಲ್' ಎಂಬುದು ಫೋಟೋಶಾಪ್‌ನದು. ಜಿಂಪ್‌ನಲ್ಲಿ ಅದಕ್ಕೆ ಸಮನಾದ 'ಹೀಲ್ ಸೆಲೆಕ್ಷನ್' ಬೇಕಾದರೆ ರೀಸಿಂಥಸೈಜರ್ ಎಂಬ ಪ್ಲಗಿನ್ ಬೇರೆಯಾಗಿ ಹಾಕಿಕೊಳ್ಳಬೇಕು. ಎಐ ಸಹಾಯಕ ಹೇಳಿದ ಆದೇಶದ ಹೆಸರನ್ನು ಓರೆಗೆರೆಯ ಕೀಲಿ ಒತ್ತಿ ಹುಡುಕಿ ನೋಡಿ. ಅಲ್ಲಿ ಸಿಗದಿದ್ದರೆ ಆ ಆದೇಶ ನಿಮ್ಮ ತಂತ್ರಾಂಶದಲ್ಲಿ ಆ ಹೆಸರಿನಲ್ಲಿ ಇಲ್ಲವೆಂದೇ ತಿಳಿದು, ಮುಂದಿನ ಹೆಜ್ಜೆಗಳನ್ನು ನಂಬದಿರುವುದು ಕ್ಷೇಮ.

ತಂತ್ರಾಂಶದ ಆಯ್ಕೆಯಲ್ಲೇ ನೆರವಿನ ಆಯ್ಕೆಯೂ ಇದೆ

ಇನ್ನೂ ಯಾವ ತಂತ್ರಾಂಶವೆಂದು ನಿರ್ಧರಿಸದವರು ನೆರವು ಹೇಗೆ ಸಿಗುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ರೌಸರಿನಲ್ಲೇ ಓಡುವ ಫೋಟೋಪಿಯಾದ ಮೆನುಗಳು ಫೋಟೋಶಾಪ್‌ನ ಮಾದರಿಯಲ್ಲೇ ಇರುವುದರಿಂದ ಫೋಟೋಶಾಪ್‌ಗೆ ಇರುವ ಅಪಾರ ಪಾಠಗಳಲ್ಲಿ ಬಹಳಷ್ಟು ಅದಕ್ಕೂ ಹೊಂದುತ್ತವೆ. ನೀವು ತೆರೆದ ಚಿತ್ರ ನಿಮ್ಮ ಯಂತ್ರದಲ್ಲೇ ಉಳಿಯುತ್ತದೆ. ವಿಂಡೋಸ್‌ಗೆ ಮಾತ್ರ ಸಿಗುವ ಪೇಂಟ್ ಡಾಟ್ ನೆಟ್ ಚಿಕ್ಕದು, ಸರಳವಾದದ್ದು. ಅದರಲ್ಲಿ ದಾರಿ ತಪ್ಪುವ ಸಂದರ್ಭಗಳೇ ಕಡಿಮೆ. ಕ್ರಿಟಾದ ಕೈಪಿಡಿ ಚೆನ್ನಾಗಿದೆ, ಆದರೆ ಅದು ಚಿತ್ರ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡ ತಂತ್ರಾಂಶ.

ಕ್ಯಾಮೆರಾದ ರಾ ಫೈಲ್‌ಗಳ (ಕ್ಯಾಮೆರಾ ದಾಖಲಿಸಿದ್ದನ್ನು ಸಂಸ್ಕರಿಸದೆ ಇಟ್ಟ ಫೈಲ್‌ಗಳ) ಮೇಲೆ ಕೆಲಸ ಮಾಡುವವರಿಗೆ ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಒಂದು ವಿಶೇಷ ಅನುಕೂಲ ಒದಗಿಸುತ್ತವೆ. ಇವು ಮೂಲ ಫೈಲನ್ನು ಮುಟ್ಟದೆ, ನೀವು ಮಾಡಿದ ಬದಲಾವಣೆಗಳನ್ನೆಲ್ಲ ಪಕ್ಕದ ಚಿಕ್ಕ ಫೈಲಿನಲ್ಲಿ ಬರೆದಿಡುತ್ತವೆ, ಡಾರ್ಕ್‌ಟೇಬಲ್‌ನಲ್ಲಿ ಎಕ್ಸ್‌ಎಂಪಿ, ರಾಥೆರಪಿಯಲ್ಲಿ ಪಿಪಿ3. ರಾ ಫೈಲ್ ಜೊತೆಗೆ ಆ ಚಿಕ್ಕ ಫೈಲನ್ನೂ ಕಳಿಸಿದರೆ ನೆರವಾಗುವವರ ಪರದೆಯಲ್ಲಿ ನಿಮ್ಮ ಪ್ರತಿಯೊಂದು ಅಳತೆಯೂ ಇದ್ದಂತೆಯೇ ತೆರೆದುಕೊಳ್ಳುತ್ತದೆ. ಅವರು ತಿದ್ದಿದ ಫೈಲನ್ನು ಮರಳಿ ಕಳಿಸಿದರೆ ಎಲ್ಲಿ ತಪ್ಪಿದ್ದೆವೆಂದು ನಮಗೂ ಕಾಣುತ್ತದೆ. ದೂರದಿಂದ ನೆರವು ಪಡೆಯಲು ಇದಕ್ಕಿಂತ ಸ್ವಚ್ಛವಾದ ವಿಧಾನವನ್ನು ನಾನು ಕಂಡಿಲ್ಲ.

ಕೆಲಸವನ್ನೇ ಒಪ್ಪಿಸುವುದಾದರೆ

ಮುಖದ ಅರ್ಧಭಾಗವೇ ಹರಿದುಹೋದ ಹಳೆಯ ಚಿತ್ರ, ನಾಳೆಯೇ ಮುದ್ರಣಕ್ಕೆ ಹೋಗಬೇಕಾದ ಫೋಟೋ, ಇಂಥವನ್ನು ಬಲ್ಲವರಿಗೆ ಒಪ್ಪಿಸುವುದರಲ್ಲಿ ಸಂಕೋಚ ಬೇಡ. ಕೊಡುವಾಗ ಮೂಲ ಫೈಲನ್ನೇ ಕೊಡಬೇಕು. ಸಂದೇಶದ ಆ್ಯಪ್‌ಗಳ ಮೂಲಕ ಕಳಿಸಿದ ಚಿತ್ರ ಸಾಮಾನ್ಯವಾಗಿ ಕುಗ್ಗಿ ಹೋಗಿರುತ್ತದೆ, ಜೆಪೆಗ್ ಚಿತ್ರವನ್ನು ತೆರೆದು ಮತ್ತೆ ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ವಿವರ ಕಳೆದುಹೋಗುತ್ತದೆ. ಚಿತ್ರ ಎಲ್ಲಿ ಬಳಕೆಯಾಗಲಿದೆ, ಯಾವ ಅಳತೆಯಲ್ಲಿ ಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಬರೆದುಕೊಡಿ. ಮುಗಿದ ಚಿತ್ರದ ಜೊತೆಗೆ ಲೇಯರ್‌ಗಳಿರುವ ಎಕ್ಸ್‌ಸಿಎಫ್ ಅಥವಾ ಫೋಟೋಶಾಪ್‌ನ ಪಿಎಸ್‌ಡಿ ಫೈಲನ್ನೂ ಕೇಳಿ ಪಡೆದುಕೊಳ್ಳಿ. ಅದನ್ನು ಜಿಂಪ್‌ನಲ್ಲಿ ತೆರೆದು, ಲೇಯರ್ ಪಟ್ಟಿಯಲ್ಲಿರುವ ಕಣ್ಣಿನ ಗುರುತುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಮರೆಮಾಡಿ ಮತ್ತೆ ಕಾಣಿಸುತ್ತ ಹೋದರೆ, ಹರಿದ ಕೆನ್ನೆ ಯಾವ ಲೇಯರ್‌ನಲ್ಲಿ ಕೂಡಿತು, ಬಣ್ಣ ಯಾವುದರಲ್ಲಿ ತಿಳಿಯಾಯಿತು ಎಂಬುದು ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ.